ಜಾರಪ್ಪನ ಕೈಗೆ ಚೆಂಡು

ಪಾರಿವಾಳಗಳ ಕಾಟ ತಡೆಯಲಾರದೆ ನನ್ನ ಹೆಂಡತಿ ಗಿರಿಜಾ ಬಾಲ್ಕನಿಯ ಸರಳುಗಳಿಗೆ ಹಳೆಯ ಸಿ.ಡಿ.ಗಳನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದಾಳೆ. ಬಿಸಿಲಿಗೆ ಅವು ಫಳಫಳ ಹೊಳೆದರೆ ಪಾರಿವಾಳ ಹೆದರಿ ಹತ್ತಿರ ಬರುವುದಿಲ್ಲವೆಂದು ಚೆನ್ನೈಯ ಅಡ್ಯಾರಿನ ನಮ್ಮ ಬೀದಿಯಲ್ಲಿ ಯಾರೋ ಹೇಳಿದರಂತೆ. ಹೆದರಿದ ಪಾರಿವಾಳವನ್ನು ನಾನಂತೂ ನೋಡಿಲ್ಲ. ನಿನ್ನೆ ಒಂದು ಬಂದು ಸಿ.ಡಿ.ಯಲ್ಲಿ ಮುಖ ನೋಡಿಕೊಂಡು ಕತ್ತು ಕೊಂಕಿಸುತ್ತಿತ್ತು. ಆದರೆ ನನಗೆ ಸಿಟ್ಟು ಬಂದದ್ದು ಪಾರಿವಾಳದ ಮೇಲಲ್ಲ. ಗಾಳಿಗೆ ತಿರುಗುತ್ತಿದ್ದ ಸಿ.ಡಿ.ಗಳಲ್ಲಿ ಒಂದರ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ‘ಫುಟ್‌ಬಾಲ್’ ಎಂದು ಬರೆದಿತ್ತು. ಅದು ಕೆಳಮನೆಯ ಸಾರಥಿಯವರ ಕೈಬರಹ, ಹಳೆಯ ಕಂಪ್ಯೂಟರ್ ಮಾರಿದಾಗ ಅವರೇ ನನಗೆ ಕೊಟ್ಟದ್ದು.

"ಇದನ್ಯಾಕೆ ಕಟ್ಟಿದೆ?" ಎಂದೆ.

"ನಿಮ್ಮ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತಲ್ರೀ. ಅದೇನು ಉಪ್ಪಿನಕಾಯಿಯಾ, ಇಟ್ಟಷ್ಟೂ ರುಚಿಯಾಗೋಕೆ?"

ಉಪ್ಪಿನಕಾಯಿಯಲ್ಲ, ನಿಜ. ಆದರೂ ಒಂದು ಕಾಲದಲ್ಲಿ ನನ್ನ ಮನೆಯ ಕನ್ನಡ ಆ ತಟ್ಟೆಯ ಮೇಲೆ ನಿಂತಿತ್ತು. ಅದರೊಳಗೆ ಜಾರಪ್ಪನಿದ್ದ. ಅವನು ಪಾರಿವಾಳಕ್ಕೆ ಕನ್ನಡಿ ಹಿಡಿಯುವುದೆಂದರೇನು, ನೀವೇ ಹೇಳಿ.

ನಾನು ಆಟಗಾರನೆಂದು ದಯವಿಟ್ಟು ತಿಳಿಯಬೇಡಿ. ನಾನು ಚಿಂತೆಗಾರ. ಮಾಧವರಂನಲ್ಲಿ ಹಾಲು ತಣಿಸುವ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಅಡ್ಯಾರಿನಿಂದ ಅಲ್ಲಿಗೆ ಹೋಗುವುದೆಂದರೆ ಊರಿನ ಈ ತುದಿಯಿಂದ ಆ ತುದಿ. ದಾರಿಯುದ್ದಕ್ಕೂ ಚಿಂತೆ ಮಾಡಲು ಬೇಕಾದಷ್ಟು ಸಮಯ. ಗ್ಯಾಸ್ ಆರಿಸಿದೆನೇ? ಬೀಗ ಎಳೆದು ನೋಡಿದೆನೇ? ಬಸ್ಸಿನ ಟಿಕೆಟ್ಟನ್ನು ನಾನು ಗಡಿಯಾರದ ಪಟ್ಟಿಯ ಕೆಳಗೆ ಸಿಕ್ಕಿಸಿ ಅದರ ಮೇಲೆ ಇನ್ನೊಂದು ಕೈ ಒತ್ತಿ ಹಿಡಿದು ಕೂರುತ್ತೇನೆ. ನೋಡಿದವರು ಇವನಿಗೆ ಕೈ ಮುರಿದಿರಬೇಕೆಂದು ಜಾಗ ಬಿಟ್ಟುಕೊಟ್ಟದ್ದೂ ಇದೆ. ಕೋಯಂಬೇಡು ಮಾರುಕಟ್ಟೆಯಿಂದ ಬಾಳೆಗೊನೆ ತಂದರೆ ಒಂದು ಹಣ್ಣೂ ಕಪ್ಪಾಗದ ಹಾಗೆ ಮಡಿಲಲ್ಲಿಟ್ಟುಕೊಂಡು ತರುವವನು ನಾನು. ಒಟ್ಟಿನಲ್ಲಿ ಕೈಯಲ್ಲಿದ್ದುದನ್ನು ಕೆಳಗೆ ಬೀಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇದು ಹುಟ್ಟುಗುಣವೇನಲ್ಲ, ಮೈಸೂರಿನಲ್ಲಿ ನಮ್ಮಮ್ಮ ಕಲಿಸಿದ್ದು. ಸಂಜೆ ಹೊತ್ತು ನನ್ನನ್ನು ಎರಡು ಬೀದಿಯಾಚೆಯ ಮನೆಗೆ ಮಜ್ಜಿಗೆ ತರಲು ಕಳಿಸುತ್ತಿದ್ದಳು. ಹಿತ್ತಾಳೆ ಚೊಂಬು, ಅದರ ಬಾಯಿಗೆ ಬಾಳೆಎಲೆ ಚೂರು. ಹೊರಡುವಾಗ "ಜೋಪಾನ", ತಿರುವಿನಲ್ಲಿ ಕಂಡರೆ ಜಗಲಿಯಿಂದಲೇ "ಜೋಪಾನ, ಚೆಲ್ಲೀಯೆ". ಆ ಕೂಗು ಕಿವಿಗೆ ಬಿದ್ದ ಕೂಡಲೇ ನನ್ನ ಕಣ್ಣು ಚೊಂಬಿನ ಮೇಲೆ ನೆಟ್ಟುಬಿಡುತ್ತಿತ್ತು. ಕಣ್ಣು ಚೊಂಬಿನ ಮೇಲಿದ್ದರೆ ಕಾಲು ಎಲ್ಲಿಗೆ ಹೋಗಬೇಕು? ಲೈಟು ಕಂಬಕ್ಕೆ. ನಾನು ಕಂಬಕ್ಕೆ ಢಿಕ್ಕಿ ಹೊಡೆದು ನೆತ್ತಿಯಿಂದ ಮಜ್ಜಿಗೆ ಇಳಿಸಿಕೊಂಡು ಬಂದಾಗ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: "ಇನ್ನೂ ಜೋಪಾನವಾಗಿ ಬರಬೇಕಿತ್ತು." ಅಂದಿನಿಂದ ನಾನು ಇನ್ನೂ ಜೋಪಾನವಾಗಿಯೇ ಬದುಕುತ್ತಿದ್ದೇನೆ.

ಇಂಥವನ ಪಾಲಿಗೆ ದೇವರು ಜಾರಪ್ಪನನ್ನು ಕಳಿಸಿದ. ಅದೂ ಸಾರಥಿಯವರ ಮೂಲಕ.

ಇಸವಿ ಎರಡು ಸಾವಿರ ಆಗಷ್ಟೇ ದಾಟಿತ್ತು. ಸಾರಥಿ ನಮ್ಮ ಕಟ್ಟಡದ ಕೆಳಮನೆಯವರು, ಮೂರು ತಲೆಮಾರಿನಿಂದ ಹಳೆಯ ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿದ್ದು ಆಮೇಲೆ ಅಡ್ಯಾರಿಗೆ ಬಂದ ಮನೆತನ. ಆದಾಯ ತೆರಿಗೆ ಸಲಹೆಗಾರರು. ಬಾಯಿ ತೆರೆದರೆ ಅಚ್ಚ ತಿರುವಲ್ಲಿಕ್ಕೇಣಿ ತಮಿಳು. ನಾವು ಅವರನ್ನು ತಮಿಳಿನಲ್ಲೇ ಮಾತಾಡಿಸುತ್ತಿದ್ದೆವು. ಚೆನ್ನೈಗೆ ಬಂದು ಹತ್ತಿರ ಹತ್ತಿರ ಹದಿನೈದು ವರ್ಷವಾಗಿದ್ದ ನಮಗೆ ಮೆಟ್ಟಿಲಿಳಿದ ಕೂಡಲೇ ನಾಲಿಗೆ ತಾನಾಗಿ ತಮಿಳಿಗೆ ಹೊರಳುತ್ತಿತ್ತು. ಇಡೀ ಕಟ್ಟಡದಲ್ಲಿ ಕಂಪ್ಯೂಟರ್ ಇದ್ದುದು ಅವರ ಮನೆಯಲ್ಲಿ ಮಾತ್ರ. ಹಾಲಿನಲ್ಲಿ ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ಕಬ್ಬಿಣದ ಸರಪಣಿಯ ತೂಗುಮಣೆ.

ಒಂದು ದಿನ ಸಾರಥಿ ನಮ್ಮೂರಿನ ಪ್ಯಾರಿಸ್ ಕಾರ್ನರ್ ಕಡೆಯ ಬೀದಿ ಅಂಗಡಿಯೊಂದರಿಂದ ಫುಟ್‌ಬಾಲ್ ಆಟದ ಸಿ.ಡಿ. ತಂದರು. ಮನೆಗೆ ಬಂದು ಹಾಕಿ ನೋಡಿದರೆ ಅದು ನಾವೆಲ್ಲ ಬಲ್ಲ ಫುಟ್‌ಬಾಲ್ ಅಲ್ಲ, ಅಮೆರಿಕದವರದು. ಅದಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವನ ಧೈರ್ಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕಾಲಿಗೆ ಅಲ್ಲಿ ಹೆಚ್ಚಿನ ಕೆಲಸವೇ ಇಲ್ಲ. ತೆಂಗಿನಕಾಯಿಯಂಥ ಒಂದು ಚೆಂಡನ್ನು ಒಬ್ಬ ಎದೆಗವಚಿಕೊಂಡು ಓಡಬೇಕು. ಎದುರಿನವರೆಲ್ಲ ಹಬ್ಬದ ಹಿಂದಿನ ದಿನ ಕೋಯಂಬೇಡಿನಲ್ಲಿ ಬಸ್ಸಿಗೆ ನುಗ್ಗುವವರ ಹಾಗೆ ಅವನ ಮೇಲೆ ಬೀಳಬೇಕು. ಅವರಿಂದ ತಪ್ಪಿಸಿಕೊಂಡು ಕೊನೆಯ ಗೆರೆ ದಾಟಿದರೆ ಅಂಕ. ನಡುವೆ ಚೆಂಡನ್ನು ಕೈಬಿಟ್ಟರೆ, ಅದು ಎದುರಾಳಿಗೆ ಸಿಕ್ಕರೆ, ಮಾಡಿದ್ದೆಲ್ಲ ಹೊಳೆಗೆ ಹಾಕಿದಂತೆ.

ಬೇರೆಯವರಾದರೆ ಆ ಸಿ.ಡಿ.ಯನ್ನು ಎಸೆಯುತ್ತಿದ್ದರು. ಸಾರಥಿ ಕೊಂಡದ್ದನ್ನು ಎಸೆಯುವವರಲ್ಲ. ಕೂತು ನಿಯಮಗಳನ್ನೆಲ್ಲ ಕಲಿತು, ತಮಗೊಬ್ಬ ಎದುರಾಳಿ ಬೇಕೆಂದು ಮಹಡಿ ಹತ್ತಿ ಬಂದರು. ಇದರಲ್ಲಿ ನಾವು ಓಡುವುದೂ ಇಲ್ಲ, ಓಡಿಸುವ ಕೀಲಿಯನ್ನು ಕುಟ್ಟುವುದೂ ಇಲ್ಲ. ನಾವು ತಂಡದ ಯಜಮಾನರು. ಆಟಗಾರರನ್ನು ಆರಿಸುವುದು, ಯಾರ ಕೈಗೆ ಚೆಂಡು ಕೊಡಬೇಕು, ಎಡಕ್ಕೆ ಓಡಿಸಬೇಕೋ ನಡುವೆ ನುಗ್ಗಿಸಬೇಕೋ ಎಂದು ಹೇಳಿಡುವುದು, ಅಷ್ಟೇ. ಆಮೇಲೆ ಕಂಪ್ಯೂಟರ್ ಆಡಿಕೊಂಡು, ಆದದ್ದನ್ನು ಒಂದೊಂದೇ ಸಾಲಾಗಿ ಪರದೆಯ ಮೇಲೆ ಬರೆಯುತ್ತದೆ. ಕೂತಲ್ಲೇ ಚಿಂತೆ ಮಾಡಲು ಇದಕ್ಕಿಂತ ಅನುಕೂಲವಾದ ಆಟವನ್ನು ಮನುಷ್ಯ ಕಂಡುಹಿಡಿದಿಲ್ಲ. ನಾನು ಒಪ್ಪಿದೆ. ಭಾನುವಾರ ಊಟವಾದ ಮೇಲೆ ನನ್ನ ಜೊತೆ ಚಾರುವೂ ಬಂದಳು.

ಚಾರು ನನ್ನ ಮಗಳು. ಆಗ ಆರನೆಯ ಕ್ಲಾಸು. ಈಗ ಕಾಲೇಜು. ನನ್ನ ಚಿಂತೆಗಳಲ್ಲಿ ದೊಡ್ಡ ಚಿಂತೆ ಆಗ ಅವಳ ಕನ್ನಡದ್ದಾಗಿತ್ತು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು, ಸ್ಕೂಲಿನ ವಿಷಯವಾದರೆ ಇಂಗ್ಲಿಷಿನಲ್ಲಿ. "ಊಟ ಮಾಡಿದ್ಯಾ" ಎಂದರೆ "ಸಾಪ್ಟಾಚು". ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಮೈಸೂರಿನಿಂದ ನಮ್ಮಮ್ಮ ಫೋನ್ ಮಾಡಿದರೆ ಅಜ್ಜಿ ಮೊಮ್ಮಗಳು ಇಬ್ಬರೂ ನಗುತ್ತಿದ್ದರು, ಅಷ್ಟೇ. ನಕ್ಕು ಮುಗಿದ ಮೇಲೆ ಅಮ್ಮ ನನ್ನನ್ನು ಕರೆದು, "ಮಗು ಚೆನ್ನಾಗಿ ನಗತ್ತೆ ಕಣೋ. ಮಾತು ಯಾವಾಗ ಕಲಿಸ್ತೀಯ?" ಎನ್ನುತ್ತಿದ್ದಳು. ನಾನು ವರ್ಣಮಾಲೆಯ ಪುಸ್ತಕ ತಂದೆ, ಕಥೆ ಪುಸ್ತಕ ತಂದೆ. ಅವಳು ಚಿತ್ರ ನೋಡಿ ಮುಚ್ಚಿಟ್ಟಳು.

ಆ ಭಾನುವಾರ ನಾನು ಎಣಿಸದಿದ್ದುದು ನಡೆಯಿತು. ಆಟಕ್ಕೆ ನಾಲ್ಕು ಭಾಗ. ಪ್ರತಿ ಭಾಗಕ್ಕೂ ಮುಂಚೆ ಒಂದು ತಂಡದವರು ಕಂಪ್ಯೂಟರಿನ ಮುಂದೆ ಕೂತು ತಮ್ಮ ಉಪಾಯ ಹಾಕಬೇಕು, ಇನ್ನೊಂದು ತಂಡದವರು ದೂರ ಹೋಗಬೇಕು. ಸಾರಥಿ ಬಹಳ ಮರ್ಯಾದಸ್ಥರು. "ನೀಂಗ ಮುದಲ್ಲ, ಮೂರ್ತಿ ಸಾರ್" ಎಂದು ನಮಗೇ ಮೊದಲ ಸರದಿ ಕೊಟ್ಟು ತೂಗುಮಣೆಗೆ ಹೋಗಿ ಕೂತರು. ಚಾರು ನನ್ನ ಕಿವಿಗೆ ಬಾಯಿಟ್ಟು ತಮಿಳಿನಲ್ಲಿ ಏನೋ ಪಿಸುಗುಟ್ಟಲು ಹೊರಟು, ತಟಕ್ಕನೆ ನಿಂತಳು. ತೂಗುಮಣೆಯ ಕಡೆ ನೋಡಿದಳು. ಆಮೇಲೆ ಕಷ್ಟಪಟ್ಟು ಒಂದೊಂದೇ ಪದ ಜೋಡಿಸಿ, "ಅಪ್ಪಾ, ಇವನಿಗೆ ಸೀಕ್ರಂ ಬಾಲ್ ಕೊಡು. ಇವನು ಓಡ್ತಾನೆ, ನೋಡು" ಎಂದಳು.

ಸೀಕ್ರಂ ಇರಲಿ ಬಿಡಿ, ಅದು ಬೇಗ ಎಂಬುದಕ್ಕೆ ತಮಿಳು. ಉಳಿದದ್ದೆಲ್ಲ ಕನ್ನಡ. ನಾನು ವರ್ಷಗಟ್ಟಲೆ ಪುಸ್ತಕ ತಂದು ಆಗದ್ದನ್ನು ಒಂದು ಗುಟ್ಟು ಮಾಡಿಸಿತ್ತು.

ಆಮೇಲಿನ ವಾರಗಳಲ್ಲಿ ಅವಳಿಗೆ ಪದಗಳು ಬೇಕಾದವು. ಅಡುಗೆಮನೆಗೆ ಹೋಗಿ ಗಿರಿಜಾಳನ್ನು, "ಅಮ್ಮಾ, ಸುತ್ತಿ ಪೋಯಿ ಪಿಡಿಕ್ಕರದು ಅಂದ್ರೆ ಕನ್ನಡದಲ್ಲಿ ಏನು?" ಎಂದು ಕೇಳುತ್ತಿದ್ದಳು. ಗಿರಿಜಾ ಸಾರಿಗೆ ಒಗ್ಗರಣೆ ಹಾಕುತ್ತಲೇ, "ಬಳಸ್ಕೊಂಡು ಹೋಗಿ ಹಿಡಿಯೋದು" ಎನ್ನುತ್ತಿದ್ದಳು. ನುಗ್ಗು, ತಪ್ಪಿಸ್ಕೋ, ಯಾಮಾರಿಸು, ಅಡ್ಡಗಟ್ಟು. ಯಾವ ಪಠ್ಯಪುಸ್ತಕವೂ ಮೊದಲ ಪಾಠದಲ್ಲಿ ಕಲಿಸದ ಕನ್ನಡ. ನನಗೆ ಅಷ್ಟೇ ಸಾಕಾಗಿತ್ತು.

ಅವಳು ಬೇಗ ಚೆಂಡು ಕೊಡು ಎಂದ ಆಟಗಾರನೇ ನನ್ನ ಪಾಲಿನ ಶನಿ. ಪರದೆಯ ಮೇಲೆ ಅವನ ಹೆಸರು ಡೆಲ್ರಾಯ್ ಕೂಂಬ್ಸ್, ಕಂಪ್ಯೂಟರ್ ತಾನೇ ಹುಟ್ಟಿಸಿ ಇಟ್ಟ ಹೆಸರು. ಓಟದಲ್ಲಿ ಅವನಿಗೆ ನೂರಕ್ಕೆ ತೊಂಬತ್ತರ ಮೇಲೆ ಅಂಕ. ಅದನ್ನು ನೋಡಿಯೇ ಚಾರು ಆರಿಸಿದ್ದು. ಚೆಂಡನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಎಂಬ ಇನ್ನೊಂದು ಅಂಕ ಪಟ್ಟಿಯ ಕೆಳಗೆಲ್ಲೋ ಇತ್ತು. ಅದನ್ನು ನಾವು ನೋಡಿದ್ದು ಅವನು ಮೊದಲ ಆಟದಲ್ಲೇ ಮೂರು ಸಲ ಚೆಂಡು ಬೀಳಿಸಿದ ಮೇಲೆ. ನಮ್ಮ ಸ್ಕೂಲಿನ ಕ್ರಾಫ್ಟ್ ಕ್ಲಾಸಿನಲ್ಲೂ ಯಾರಿಗೂ ಅಷ್ಟು ಕಡಿಮೆ ಅಂಕ ಬಂದ ನೆನಪಿಲ್ಲ. ಸಾರಥಿಗೆ ತಿಳಿಯಬಾರದೆಂದು ಚಾರು ಅವನಿಗೆ ಗುಟ್ಟಿನ ಹೆಸರಿಟ್ಟಳು: ಜಾರಪ್ಪ. ಅವನ ಬದಲಿಗೆ ಬೆಂಚಿನಲ್ಲಿ ಒಬ್ಬನಿದ್ದ. ನಿಧಾನ, ದಪ್ಪ, ನಡುವೆ ನುಗ್ಗುವುದು ಬಿಟ್ಟು ಬೇರೇನೂ ಬಾರದು. ಆದರೆ ಚೆಂಡನ್ನು ಬಿಟ್ಟವನೇ ಅಲ್ಲ. ಅವನಿಗೆ ನಾನು ಜೋಪಾನಯ್ಯ ಎಂದು ಹೆಸರಿಟ್ಟೆ. ನನಗೆ ಅವನನ್ನು ಕಂಡರೆ ನನ್ನನ್ನೇ ಕಂಡ ಹಾಗಾಗುತ್ತಿತ್ತು.

ಜಾರಪ್ಪ ಬರೀ ಕೈಲಾಗದವನಾಗಿದ್ದರೆ ಸಹಿಸಬಹುದಿತ್ತು. ಅವನು ಓಡಿದರೆ ಎದುರಾಳಿಗಳು ಅಲ್ಲಲ್ಲೇ ನಿಂತುಬಿಡುತ್ತಿದ್ದರು. ಅರ್ಧ ಮೈದಾನ ದಾಟಿ, ಇನ್ನೇನು ಗೆರೆ ಬಂತು ಎನ್ನುವಾಗ ಪರದೆಯ ಮೇಲೆ ಆ ದರಿದ್ರ ಸಾಲು ಮೂಡುತ್ತಿತ್ತು: ಕೂಂಬ್ಸ್ ಕೈಯಿಂದ ಚೆಂಡು ಜಾರಿತು. ಯಾರೂ ಮುಟ್ಟದೆ ಬೀಳಿಸಿದ್ದೂ ಉಂಟು. ತೂಗುಮಣೆಯಿಂದ ಸಾರಥಿ, "ಎನ್ನ ಸಾರ್, ತಿರುಂಬ ಕೀಳೆ ಪೋಟ್ಟುಟ್ಟಾನಾ?" ಎಂದು ಬಹಳ ಮರುಕದಿಂದ ಕೇಳುತ್ತಿದ್ದರು. ಮತ್ತೆ ಕೆಳಗೆ ಹಾಕಿಬಿಟ್ಟನಾ ಎಂದು. ಆ ಮರುಕಕ್ಕೇ ನನ್ನ ಮೈ ಉರಿಯುತ್ತಿತ್ತು.

ಆಟದಲ್ಲಿ ಯಜಮಾನನಿಗೆ ಕೆಲವು ಅಧಿಕಾರಗಳಿವೆ. ಆಟಗಾರನನ್ನು ಕರೆದು ಬುದ್ಧಿ ಹೇಳಬಹುದು, ಎಚ್ಚರಿಕೆ ಕೊಡಬಹುದು, ಹೆಚ್ಚು ಅಭ್ಯಾಸ ಮಾಡಿಸಬಹುದು. ಅವನು ಬೀಳಿಸಿದಾಗಲೆಲ್ಲ ಕರೆದು ಬುದ್ಧಿ ಹೇಳಿದೆ. ಕೇಳದಿದ್ದಾಗ ಎಚ್ಚರಿಕೆ ಕೊಟ್ಟೆ. ಇಷ್ಟು ಮಾಡಿದ ಮೇಲೆ ಅವನ ಉತ್ಸಾಹದ ಅಂಕ ಇಳಿಯಿತು. ಉತ್ಸಾಹ ಇಳಿದಷ್ಟೂ ಚೆಂಡು ಹೆಚ್ಚು ಬಿತ್ತು. ಇದು ಯಾವ ಊರ ನ್ಯಾಯ? ಬುದ್ಧಿ ಹೇಳಿದರೆ ಬುದ್ಧಿ ಕೆಡುವ ಆಟವನ್ನು ಮಕ್ಕಳ ಕೈಗೆ ಕೊಡುತ್ತಾರಲ್ಲ.

"ನೀನು ಬೈದಿದ್ದಕ್ಕೇ ಅವನು ಹೆದರ್ಕೋತಾನೆ" ಎಂದಳು ಚಾರು.

"ನಾನೆಲ್ಲಿ ಬೈದೆ? ಜೋಪಾನ ಅಂದೆ."

"ಅದೇ."

ಕೊನೆಗೊಂದು ದಿನ ರೇಗಿಹೋಗಿ, "ಇವನನ್ನ ತಂಡದಿಂದ ತೆಗೆದುಬಿಡೋಣ. ಜೋಪಾನಯ್ಯ ಸಾಕು" ಎಂದೆ. ಚಾರು ಮೌಸಿನಿಂದ ಕೈ ತೆಗೆದಳು. "ಜಾರಪ್ಪ ಇಲ್ಲ ಅಂದ್ರೆ ನಾನೂ ಬರಲ್ಲ. ನೀವಿಬ್ಬರೇ ಆಡ್ಕೊಳ್ಳಿ."

ಅವಳು ಬರದಿದ್ದರೆ ಗುಟ್ಟಿಲ್ಲ, ಗುಟ್ಟಿಲ್ಲದಿದ್ದರೆ ಕನ್ನಡವಿಲ್ಲ. ಹೇಗೆ ಸಿಕ್ಕಿಕೊಂಡೆ ನೋಡಿ. ನನ್ನ ಮಗಳ ಬಾಯಲ್ಲಿ ನನ್ನ ಮಾತು ಉಳಿಯಬೇಕಾದರೆ, ಎಲ್ಲೋ ಕಂಪ್ಯೂಟರಿನೊಳಗೆ ಹುಟ್ಟಿ, ಹಿಡಿದದ್ದನ್ನು ಹಿಡಿದ ಕಡೆಯೇ ಬಿಡುವ ಒಬ್ಬ ಕೂಂಬ್ಸ್‌ನನ್ನು ನಾನು ಸಾಕಬೇಕು. ಗಿರಿಜಾಳಿಗೆ ಹೇಳಿದರೆ, "ಸಾಕಿ. ಅವನೇನು ಅನ್ನ ಕೇಳ್ತಾನಾ?" ಎಂದಳು.

ಹಾಗಾಗಿ ಒಂದು ರಾಜಿಯಾಯಿತು. ಆಟದ ಮೊದಲ ಮೂರು ಭಾಗ ಜಾರಪ್ಪ ಓಡಲಿ. ಬೀಳಿಸಿದರೂ ಸುಧಾರಿಸಿಕೊಳ್ಳಲು ಸಮಯವಿರುತ್ತದೆ. ನಮ್ಮ ಕಡೆಯ ಗೆರೆಯ ಹತ್ತಿರ ಮಾತ್ರ ಅವನಿಗೆ ಕೊಡಕೂಡದು. ಕೊನೆಯ ಭಾಗದಲ್ಲಿ ಜೋಪಾನಯ್ಯ ಬಂದು ನಡುವೆ ನುಗ್ಗಿ ಇದ್ದದ್ದನ್ನು ಕಾಪಾಡಲಿ. ಬೈಗುಳ ಬಂದ್. ಇದು ಕೆಲಸ ಮಾಡಿತು, ಮುಕ್ಕಾಲು ಪಾಲು. ಜಾರಪ್ಪ ಬೈಗುಳ ತಪ್ಪಿದ ಖುಷಿಗೆ ಎರಡು ಸಲ ಗೆರೆ ದಾಟಿ ಒಂದು ಸಲ ಬೀಳಿಸುವ ಮಟ್ಟಕ್ಕೆ ಬಂದ. ಆದರೆ ಕೊನೆಯ ಭಾಗ ಬಂತೆಂದರೆ ಸಾರಥಿಯವರ ಆಳುಗಳೆಲ್ಲ ನಡುವೆಯೇ ಗೋಡೆಯಾಗಿ ನಿಂತಿರುತ್ತಿದ್ದರು. ಜೋಪಾನಯ್ಯ ಆ ಗೋಡೆಗೆ ಹೋಗಿ ಢಿಕ್ಕಿ ಹೊಡೆದು, ಚೆಂಡನ್ನು ಮಾತ್ರ ಬಿಡದೆ, ಇದ್ದಲ್ಲೇ ಕೂರುತ್ತಿದ್ದ.

"ಈ ಸಾರಥಿಯವರ ತಲೆಯೇ ತಲೆ" ಎಂದು ನಾನು ಮೆಟ್ಟಿಲು ಹತ್ತುವಾಗ ಮೆಚ್ಚಿಕೊಳ್ಳುತ್ತಿದ್ದೆ. "ನಮ್ಮ ಮನಸ್ಸಿನಲ್ಲಿರೋದನ್ನ ಓದಿದ ಹಾಗೆ ಆಡ್ತಾರೆ." ಎಷ್ಟು ಸಭ್ಯರು ಬೇರೆ. ನಾವು ಪಿಸುಗುಟ್ಟಲು ಶುರು ಮಾಡಿದರೆ ನಮಗೆ ತೊಂದರೆಯಾಗದಿರಲೆಂದು ತೂಗುಮಣೆಯ ಸರಪಣಿ ಕಿರುಗುಟ್ಟದ ಹಾಗೆ ಕಾಲೂರಿ ನಿಲ್ಲಿಸಿಬಿಡುತ್ತಿದ್ದರು. ನಾನು ಗಿರಿಜಾಳಿಗೆ ಅದನ್ನು ಹೇಳಿ, ಹಳೆಯ ಮನೆತನದವರ ನಡವಳಿಕೆ ಎಂದರೆ ಹೀಗಿರಬೇಕು ಎಂದಿದ್ದೆ. ನನ್ನ ಭಯವೆಲ್ಲ ಅವರ ಕಣ್ಣಿನದಾಗಿತ್ತು. ಎಲ್ಲಿ ಪರದೆಯನ್ನು ಇಣುಕುತ್ತಾರೋ ಎಂದು ನಾನು ಪ್ರತಿ ಸಲವೂ ಕಂಪ್ಯೂಟರಿಗೆ ಬೆನ್ನು ಹಾಕಿ, ಹೆಗಲ ಮೇಲಿನ ಟವೆಲನ್ನು ಎರಡು ಕೈಯಲ್ಲೂ ಅಗಲಿಸಿ ಹಿಡಿದು, ತೆರೆ ಎಳೆದವನ ಹಾಗೆ ನಿಲ್ಲುತ್ತಿದ್ದೆ. ಚಾರು ಹಿಂದೆ ಕೂತು ಮೌಸು ಆಡಿಸುತ್ತಿದ್ದಳು.

ಪೊಂಗಲ್ ಹತ್ತಿರ ಬಂದಾಗ ಇಬ್ಬರ ಗೆಲುವುಗಳೂ ಸಮಸಮವಾಗಿದ್ದವು. ಮುಂದಿನ ಭಾನುವಾರ ಕೊನೆಯ ಆಟವೆಂದು ತೀರ್ಮಾನವಾಯಿತು. ಸಾರಥಿ ಒಂದು ಷರತ್ತು ಹಾಕಿದರು: ಗೆದ್ದವರು ಸೋತವರ ತಂಡದಿಂದ ಒಬ್ಬ ಆಟಗಾರನನ್ನು ಎತ್ತಿಕೊಳ್ಳಬಹುದು. ಅವರಿಗೆ ಯಾರ ಮೇಲೆ ಕಣ್ಣಿದೆಯೆಂದು ಕೇಳುವ ಅಗತ್ಯವಿರಲಿಲ್ಲ. "ಅಂದ ಕೂಂಬ್ಸ್ ಪೈಯನ್ ನಮ್ಮ ಕಿಟ್ಟೆ ಇರುಂದಾ..." ಎಂದು ಆ ಹುಡುಗ ನಮ್ಮಲ್ಲಿದ್ದರೆ ಹೇಗಿರುತ್ತದೆಂದು ಅವರು ಆಗಾಗ ಕನಸು ಕಾಣುತ್ತಿದ್ದರು. ಚಾರು ನನ್ನನ್ನು ಕೇಳದೆಯೇ ಸರಿ ಎಂದುಬಿಟ್ಟಳು.

ಆ ವಾರವೆಲ್ಲ ನನಗೆ ಗ್ಯಾಸಿನ ಚಿಂತೆಯೂ ಇಲ್ಲ, ಬೀಗದ ಚಿಂತೆಯೂ ಇಲ್ಲ. ಸೋತರೆ ಜಾರಪ್ಪ ಹೋಗುತ್ತಾನೆ. ಅವನು ಹೋದರೆ ಚಾರು ಆಟಕ್ಕೆ ಬರುವುದಿಲ್ಲ. ಮತ್ತೆ "ಸಾಪ್ಟಾಚು". ಮಾಧವರಂ ಬಸ್ಸಿನಲ್ಲಿ ಕೂತು ನಾನು, ಒಬ್ಬ ಸುಳ್ಳು ಆಟಗಾರನ ಸುಳ್ಳು ಕೈಗಳಿಗಾಗಿ ಮೂರು ದೇವರಿಗೆ ಹೇಳಿಕೊಂಡೆ.

ಭಾನುವಾರ ಬಂತು. ಮೊದಲ ಮೂರು ಭಾಗ ಮುಗಿದಾಗ ನಾವು ನಾಲ್ಕು ಅಂಕ ಹಿಂದಿದ್ದೆವು. ಜಾರಪ್ಪ ಒಂದು ಸಲ ಬೀಳಿಸಿದ್ದ, ಒಂದು ಸಲ ದಾಟಿದ್ದ. ಕೊನೆಯ ಭಾಗಕ್ಕೆ ಸಾರಥಿ ಎಂದಿನಂತೆ, "ನೀಂಗ ಮುದಲ್ಲ" ಎಂದು ತೂಗುಮಣೆಗೆ ಹೋಗಿ ಕಾಲೂರಿದರು. ನಾನು ಟವೆಲ್ ಅಗಲಿಸಿ ನಿಂತೆ.

ಬೆನ್ನ ಹಿಂದಿನಿಂದ ಚಾರು, ಪಿಸುಮಾತಿಗೆ ತುಸು ಜೋರು ಎನ್ನಬಹುದಾದ ದನಿಯಲ್ಲಿ, "ಅಪ್ಪಾ, ಜೋಪಾನಯ್ಯನ್ನೇ ಹಾಕ್ತಾ ಇದೀನಿ. ಪೂರ್ತಿ ನಡುವೆನೇ ನುಗ್ಗಿಸೋಣ. ಜಾರಪ್ಪ ಬೇಡ, ಇವತ್ತು ಅವನ ಕೈ ಸರಿಯಿಲ್ಲ" ಎಂದಳು.

ಎಷ್ಟು ಸ್ವಚ್ಛವಾದ ಕನ್ನಡ. ಎಷ್ಟು ವಿವೇಕ. ನನ್ನ ಮಗಳು ಕೊನೆಗೂ ನನ್ನ ಹಾಗೆ ಯೋಚಿಸಲು ಕಲಿತಳೆಂದು ಎದೆ ತುಂಬಿಬಂತು. "ಭೇಷ್, ಹಾಗೇ ಮಾಡು" ಎಂದೆ.

ಆಮೇಲೆ ಸಾರಥಿಯವರ ಸರದಿ. ಅವರು ಕೂತು, ಗಡಿಬಿಡಿಯಿಲ್ಲದೆ, ತಮ್ಮ ಉಪಾಯ ಹಾಕಿ ತೂಗುಮಣೆಗೆ ಮರಳಿದರು. ಆಟ ಓಡತೊಡಗಿತು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೂಡಿದವು. ಮೊದಲ ಸಾಲು ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಚೆಂಡು ಕೂಂಬ್ಸ್ ಕೈಯಲ್ಲಿ. ಎಡಕ್ಕೆ ಓಟ. ಎದುರಾಳಿಗಳೆಲ್ಲ ನಡುವೆ. ಎಡಗಡೆ ಯಾರೂ ಇಲ್ಲ.

ಹಿಂದಿನಿಂದ ತೂಗುಮಣೆಯ ಸರಪಣಿ ಝಲ್ಲೆಂದಿತು. ಸಾರಥಿ ಎದ್ದು ನಿಂತಿದ್ದರು. ಅವರ ಮುಖ ಕೆಂಪಾಗಿತ್ತು.

"ಏನಮ್ಮಾ ಇದು? ನೀ ಜೋಪಾನಯ್ಯನ್ನ ಹಾಕ್ತೀನಿ ಅಂತ ತಾನೇ ಅಂದಿ? ನಡುವುಲೇ ನುಗ್ಗಿಸ್ತೀನಿ ಅಂದಿ. ಈಗ ಜಾರಪ್ಪ ಓಡ್ತಾನಲ್ಲ. ಇಷ್ಟು ಚಿಕ್ಕ ಹುಡುಗಿ, ಇಷ್ಟು ದೊಡ್ಡ ಸುಳ್ಳು ಹೇಳ್ತೀಯಾ?"

ನಾನು ಕನ್ನಡಕ ಒರೆಸಿದ ಟವೆಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಜಾರಪ್ಪ. ಜೋಪಾನಯ್ಯ. ನಮ್ಮ ಗುಟ್ಟಿನ ಹೆಸರುಗಳು, ತಿರುವಲ್ಲಿಕ್ಕೇಣಿಯ ಬಾಯಲ್ಲಿ, ಕನ್ನಡದಲ್ಲಿ.

"ಉಂಗಳುಕ್ಕು ಕನ್ನಡಂ ತೆರಿಯುಮಾ?" ಎಂದೆ. ನಿಮಗೆ ಕನ್ನಡ ಬರುತ್ತದೆಯೇ ಎಂದು, ತಮಿಳಿನಲ್ಲಿ.

"ತೆರಿಯುಮಾ ಏನು ಬಂತು ಸಾರ್. ನಾವು ಆತ್ತಲ್ಲಿ ಕನ್ನಡ ತಾನೇ ಮಾತಾಡೋದು. ತಾತನ ಕಾಲದಿಂದ" ಎಂದರು ಸಾರಥಿ. ಆತ್ತಲ್ಲಿ ಎಂದರೆ ಅವರ ಭಾಷೆಯಲ್ಲಿ ಮನೆಯಲ್ಲಿ. "ನೀವು ಯಾವತ್ತೂ ಕೇಳಲಿಲ್ಲ. ನಾ ಯಾವತ್ತೂ ಹೇಳಲಿಲ್ಲ."

ನೀವು ಈ ಧೈರ್ಯವನ್ನು ಗಮನಿಸಬೇಕು. ಆರು ತಿಂಗಳು ನಮ್ಮ ಪಿಸುಮಾತನ್ನು ಕೂತು ಕೇಳಿದವರು. "ನೀಂಗ ಮುದಲ್ಲ" ಎಂದು ನಮಗೆ ಮೊದಲ ಸರದಿ ಕೊಟ್ಟು, ಸರಪಣಿಯ ಸದ್ದು ನಿಲ್ಲಿಸಿ, ಎಲ್ಲವನ್ನೂ ಕಿವಿಗೆ ಹಾಕಿಕೊಂಡು, ಆಮೇಲೆ ಗೋಡೆ ಕಟ್ಟಿದವರು. ಅಂಥವರು ತಮಗೆ ಮೋಸವಾಯಿತೆಂದು ಎದ್ದು ನಿಂತು ದೂರುತ್ತಿದ್ದಾರೆ. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಇಬ್ಬರು ಕನ್ನಡದವರು ಒಬ್ಬರಿಗೊಬ್ಬರು ತಮಿಳಿನಲ್ಲಿ ನಮಸ್ಕಾರ ಹೇಳಿಕೊಂಡದ್ದು ಇನ್ನೊಂದು ಕಥೆ. ನನಗೆ ಬಂದ ಸಿಟ್ಟಿಗೆ ಬಾಯಿ ಬಿಟ್ಟೆ. ಬಂದದ್ದೆಲ್ಲ ತಮಿಳು. ನ್ಯಾಯಮಾ, ಧರ್ಮಮಾ, ಎಂದು ನಾನು ಕೂಗಾಡುತ್ತಿದ್ದರೆ, ಚಾರು ಕುರ್ಚಿಯಿಂದಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಾಮಾ, ಸುಳ್ಳು ಯಾರು ಹೇಳಿದ್ದು? ನಾನು ನಿಮಗೆ ಹೇಳಿದ್ನಾ? ನಮ್ಮಪ್ಪನಿಗೆ ಹೇಳಿದ್ದು. ನೀವ್ಯಾಕೆ ಕದ್ದು ಕೇಳಿಸ್ಕೊಂಡ್ರಿ? ಕೇಳಿಸ್ಕೊಂಡೋರು ಸುಮ್ನಿರ್ಬೇಕು. ನಮ್ಮಪ್ಪ ಪಾಪ, ಟವೆಲ್ ಹಿಡ್ಕೊಂಡು ನಿಂತಿರ್ತಾರೆ, ನೀವು ಅಲ್ಲಿ ಕೂತ್ಕೊಂಡು ಎಲ್ಲಾ ಕೇಳಿಸ್ಕೊಂಡು ನಮ್ಮನ್ನ ಯಾಮಾರಿಸ್ತೀರಾ?"

"ಏ, ನನ್ನ ಮನೇಲಿ ನಾ ಕಿವಿ ಮುಚ್ಕೊಂಡು ಕೂತ್ಕೋಬೇಕೇನಮ್ಮಾ?"

"ಮುಚ್ಕೋಬೇಕು. ನಾವು ಕಣ್ಣು ಮುಚ್ಕೊಂಡಿರ್ಲಿಲ್ವಾ?"

ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು. ತಮಿಳಿನಲ್ಲಿ ಕೂಗುತ್ತಿದ್ದವನು ನಾನೊಬ್ಬನೇ. ಒಳಗಿನಿಂದ ಸಾರಥಿಯವರ ಹೆಂಡತಿ ಬಂದು ಬಾಗಿಲಲ್ಲಿ ನಿಂತು, "ಬೇಕಿತ್ತೇ ಇದು ನಿಮಗೆ? ನಾ ಅವತ್ತೇ ಹೇಳ್ಲಿಲ್ವೇ" ಎಂದು ಗಂಡನಿಗೆ ಹೇಳಿ ಒಳಗೆ ಹೋದರು.

ಈ ಗಲಾಟೆಯಲ್ಲಿ ಪರದೆಯನ್ನು ಮರೆತಿದ್ದೆವು. ತಿರುಗಿ ನೋಡಿದರೆ ಸಾಲುಗಳು ಮುಂದಕ್ಕೆ ಹೋಗಿ ನಿಂತುಬಿಟ್ಟಿದ್ದವು. ಕೂಂಬ್ಸ್ ಎಡಗಡೆಯ ಖಾಲಿ ಮೈದಾನವನ್ನೆಲ್ಲ ದಾಟಿದ್ದ. ಯಾರೂ ಅವನ ಹತ್ತಿರಕ್ಕೂ ಬಂದಿರಲಿಲ್ಲ. ಗೆರೆಯ ಮುಂದೆ ಅವನು ಚೆಂಡು ಬೀಳಿಸಿದ್ದ. ಸಾರಥಿಯವರ ಆಳೊಬ್ಬ ಬಂದು ಎತ್ತಿಕೊಂಡಿದ್ದ. ಉಳಿದ ಹೊತ್ತೆಲ್ಲ ಚೆಂಡು ಅವರ ಕಡೆಯೇ ಉಳಿದು ಆಟ ಮುಗಿದಿತ್ತು.

ಯಾರೂ ಬೈಯದೆ, ಯಾರೂ ಜೋಪಾನ ಎನ್ನದೆ, ಯಾರೂ ನೋಡದೆ ಇದ್ದಾಗ ಬೀಳಿಸಿದ. ಇದಕ್ಕೆ ಏನು ಹೇಳುತ್ತೀರಿ?

ಸಾರಥಿ ಗೆದ್ದ ಸಂತೋಷವನ್ನೂ ತೋರಿಸಲಾರದೆ, ಮೋಸಹೋದ ಸಿಟ್ಟನ್ನೂ ಬಿಡಲಾರದೆ ಕೆಮ್ಮಿದರು. ಷರತ್ತಿನಂತೆ ಒಬ್ಬನನ್ನು ಎತ್ತಿಕೊಳ್ಳುವ ಹಕ್ಕು ಅವರದು. ಎತ್ತಿಕೊಂಡರು. ಮೌಸಿನ ಎರಡು ಒತ್ತಿಗೆ ಜಾರಪ್ಪ ನಮ್ಮ ತಂಡದಿಂದ ಎದ್ದು ಅವರ ತಂಡದಲ್ಲಿ ಕೂತ. ಚಾರು ಚಪ್ಪಲಿ ಮೆಟ್ಟಿಕೊಂಡಳು. ಇನ್ನು ಮತ್ತೆ "ಸಾಪ್ಟಾಚು" ಎಂದುಕೊಂಡೆ.

ಮೆಟ್ಟಿಲ ಮೇಲೆ ನಾನು ಹಿಂದೆ, ಅವಳು ಮುಂದೆ. ಮೊದಲ ತಿರುವಿನಲ್ಲಿ ತಡೆಯಲಾರದೆ ಕೇಳಿದೆ. "ಅವರಿಗೆ ಕನ್ನಡ ಬರತ್ತೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ನವರಾತ್ರಿಗೆ. ಅಮ್ಮನ ಜೊತೆ ಗೊಂಬೆ ನೋಡೋಕೆ ಹೋಗಿದ್ನಲ್ಲ. ಅಮ್ಮ ಗೊಂಬೆ ಮುಂದೆ ಕೂತಿದ್ಲು. ನಾನು ನೀರು ಕುಡಿಯೋಕೆ ಒಳಗೆ ಹೋದೆ. ಅಡುಗೆಮನೇಲಿ ಮಾಮಿ, ಪಾಪ ಆ ಹುಡುಗಿ ಹತ್ರ ಮೋಸ ಮಾಡ್ತೀರಲ್ಲ ನಿಮಗೆ ನಾಚಿಕೆ ಆಗಲ್ವಾ ಅಂತ ಮಾಮನ್ನ ಬೈತಾ ಇದ್ರು."

ನವರಾತ್ರಿ. ಆಮೇಲೆ ದೀಪಾವಳಿ ಬಂದು ಹೋಗಿ, ಮಾರ್ಗಳಿಯೆಂಬ ಧನುರ್ಮಾಸದ ಚಳಿ ಬಂದು, ಈಗ ಪೊಂಗಲ್. ಹೆತ್ತ ಅಪ್ಪನಿಗೆ ಹೇಳದೆ ಇಷ್ಟು ದಿನ.

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ನಿನ್ನ ಮುಖದಲ್ಲೇ ಅವರಿಗೆ ಗೊತ್ತಾಗಿಬಿಡತ್ತೆ. ಒಂದೇ ಒಂದು ಸಲ ಯಾಮಾರಿಸೋಕಾಗೋದು. ಅದನ್ನ ಕೊನೇ ಆಟಕ್ಕೆ ಇಟ್ಕೊಂಡಿದ್ದೆ."

ನನಗೆ ಮತ್ತೆ ಸಿಟ್ಟು ಬಂತು. ಹೊರಗಿನವರು ಕಿವಿಗೊಟ್ಟು ಮೋಸ ಮಾಡಿದರು, ಒಳಗಿನವಳು ಬಾಯಿಬಿಡದೆ ಮೋಸ ಮಾಡಿದಳು. ಬಾಯಿಬಿಡದೆ ಎನ್ನುವುದೂ ಸರಿಯಲ್ಲ. ಪ್ರತಿ ಭಾನುವಾರ ಕಿವಿಗೆ ಬಾಯಿಟ್ಟು ವಟವಟ ಎಂದದ್ದು ಯಾರು?

"ಅವರಿಗೆ ಅರ್ಥ ಆಗತ್ತೆ ಅಂತ ಗೊತ್ತಿದ್ದ ಮೇಲೆ, ಇಷ್ಟು ವಾರ ನನ್ನ ಹತ್ರ ಕನ್ನಡದಲ್ಲೇ ಯಾಕೆ ಮಾತಾಡಿದೆ?"

ಚಾರು ಮೆಟ್ಟಿಲ ಮೇಲೆ ನಿಂತು, ಇಂಥ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಯೇ ಎಂಬಂತೆ ನನ್ನ ಮುಖ ನೋಡಿದಳು.

"ಮತ್ತೆ? ನಿನ್ನ ಹತ್ರ ಅದ್ರಲ್ಲಿ ತಾನೇ ಮಾತಾಡೋದು."

ಅವಳು ಎರಡೆರಡು ಮೆಟ್ಟಿಲು ಹತ್ತುತ್ತಾ ಮೇಲಿನಿಂದ ಮಾತಾಡುತ್ತಲೇ ಇದ್ದಳು.

"ಬೇಗ ಬಾಪ್ಪ. ಬರೋ ಭಾನುವಾರಕ್ಕೆ ಯೋಚನೆ ಮಾಡ್ಬೇಕು. ಜಾರಪ್ಪ ಎಲ್ಲೆಲ್ಲಿ ಬೀಳಿಸ್ತಾನೆ ಅಂತ ಸಾರಥಿ ಮಾಮಂಗೆ ಗೊತ್ತಿಲ್ಲ. ನಮಗೆ ಗೊತ್ತು."